ಡಿಜಿಟಲ್ ಬೀಗವೂ ಬಿಲ್ಲಿನ ಬರಹವೂ

ಅಂತರ್ಜಾಲದಲ್ಲಿ ಮಾರಾಟವಾಗುವ ತಂತ್ರಾಂಶ, ವಿದ್ಯುನ್ಮಾನ ಪುಸ್ತಕ, ಚಲನಚಿತ್ರ ಮುಂತಾದವುಗಳಿಗೆ ಒಡೆಯರು ಸಾಮಾನ್ಯವಾಗಿ ಡಿಜಿಟಲ್ ಬೀಗ ಹಾಕಿಯೇ ಮಾರುಕಟ್ಟೆಗೆ ಬಿಡುತ್ತಾರೆ. ನಕಲು ಮಾಡುವವರಿಂದ ಕೃತಿಯನ್ನು ಕಾಪಾಡಿಕೊಳ್ಳುವುದು ನ್ಯಾಯವಾದದ್ದೇ. ಆದರೆ ಹಣ ತೆತ್ತವನಿಗೆ ನಿಜವಾಗಿ ದೊರೆತದ್ದೇನು ಎಂಬುದನ್ನು ಬಿಲ್ಲು ತಿಳಿಸದಿರುವುದು ವ್ಯಾಪಾರ ಧರ್ಮಕ್ಕೆ ಒಪ್ಪುವಂಥದ್ದಲ್ಲ.

1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ತಂದ ತಿದ್ದುಪಡಿಯು 65ಎ ಕಲಮನ್ನು ಸೇರಿಸಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿದವನಿಗೆ 2 ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ಜುಲ್ಮಾನೆ ಉಂಟು. ಇಲ್ಲಿ ಉದ್ದೇಶವೇ ಮುಖ್ಯ. ಅಮೆರಿಕದ 1998ರ ಕಾನೂನಿನಲ್ಲಾದರೋ ಬೀಗ ಮುರಿಯುವುದೇ ಬಹುಮಟ್ಟಿಗೆ ನಿಷಿದ್ಧ. ವಿನಾಯಿತಿ ಬೇಡುವವರು 3 ವರ್ಷಗಳಿಗೊಮ್ಮೆ ಅರ್ಜಿ ಹಿಡಿದು ನಿಲ್ಲಬೇಕು. ನಮ್ಮ ಸಂಸತ್ತು ಆ ದಾರಿ ಹಿಡಿಯದಿದ್ದುದು ಪ್ರಶಂಸಾರ್ಹ. ಆದರೂ ಒಂದು ಅಸಮತೆ ಉಳಿದಿದೆ. ಅಧಿನಿಯಮವು ನಿಷೇಧಿಸದ ಕೆಲಸಕ್ಕಾಗಿ ಮತ್ತೊಬ್ಬರಿಗೆ ಬೀಗ ತೆರೆದುಕೊಡುವವನು ಅವರ ಹೆಸರು, ವಿಳಾಸ, ಉದ್ದೇಶಗಳನ್ನು ದಾಖಲಿಸಿಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ದುರಸ್ತಿ ಅಂಗಡಿಯವನೂ ಇದಕ್ಕೊಂದು ವಹಿ ಇಡಬೇಕು. ಬೀಗ ಹಾಕಿದ ಬಹುರಾಷ್ಟ್ರೀಯ ಕಂಪನಿ ಮಾತ್ರ ಕೀಲಿಕೈ ಕೊಡಬೇಕಾಗಿಲ್ಲ!

ಕೀಲಿಕೈ ಮಾರಿದವನಲ್ಲೇ ಉಳಿದರೆ ಆಗುವುದೇನೆಂಬುದಕ್ಕೆ ನಿದರ್ಶನಗಳಿವೆ. 2009ರಲ್ಲಿ ಅಮೆಜಾನ್ ಕಂಪನಿಯು ಜಾರ್ಜ್ ಆರ್ವೆಲ್‌ರ ಎರಡು ಪುಸ್ತಕಗಳನ್ನು ಗ್ರಾಹಕರ ಸಾಧನಗಳಿಂದಲೇ ದೂರದಿಂದ ಅಳಿಸಿಹಾಕಿತು. ಸರಬರಾಜುದಾರನಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ತೆರೆಯದಾದವು. ಎರಡೂ ಸಂದರ್ಭಗಳಲ್ಲಿ ಹಣ ಮರಳಿತು, ನಿಜ. ಆದರೆ ಹಣ ಮರಳಿಸಲೇಬೇಕೆಂಬ ಕರಾರು ಎಷ್ಟು ಬಿಲ್ಲುಗಳಲ್ಲಿದೆ?

ಮಾರಾಟವೋ, ಬಳಕೆಯ ಪರವಾನಗಿಯೋ ಎಂಬ ಈ ಗೊಂದಲಕ್ಕೆ ನಮ್ಮ ಉದ್ಯಮಗಳು ಹಿಂದೆಯೂ ಬೆಲೆ ತೆತ್ತಿವೆ. ವಿದೇಶಿ ಸಿದ್ಧ ತಂತ್ರಾಂಶಕ್ಕೆ ನೀಡಿದ ಹಣವು ರಾಯಧನವೆಂದೂ, ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೆಂದೂ ಕರ್ನಾಟಕ ಉಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು. ಕೃತಿಸ್ವಾಮ್ಯವೇ ಬೇರೆ, ಕೃತಿಯ ಪ್ರತಿಯೇ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯವು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಹೇಳಿ ಆ ನಿಲುವನ್ನು ತಳ್ಳಿಹಾಕಿದ್ದು 2021ರ ಮಾರ್ಚ್ 2ರಂದು. ತೆರಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಲೆಕ್ಕಪತ್ರದ ತೊಡಕು ಹಾಗೆಯೇ ಇದೆ. ಆಸ್ತಿಯೆಂದು ಪುಸ್ತಕದಲ್ಲಿ ತೋರಿಸಿ, ವರ್ಷವರ್ಷ ಸವಕಳಿ ಕಳೆಯುತ್ತಿರುವ ತಂತ್ರಾಂಶವನ್ನು ಮಾರಾಟಗಾರನು ನಡುವೆಯೇ ನಿಷ್ಕ್ರಿಯಗೊಳಿಸಬಲ್ಲನೆಂದಾದರೆ ಅದರ ಆಯುಷ್ಯವನ್ನು ಅಂದಾಜಿಸುವುದೆಂತು?

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ಇಂಥ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಪದವನ್ನು ಬಳಸುವಂತಿಲ್ಲ. ಅದೇ ನಿಯಮವನ್ನು ನಮ್ಮ ಗ್ರಾಹಕ ಸಂರಕ್ಷಣಾ ಕಾನೂನಿಗಷ್ಟೇ ಸೇರಿಸಿದರೆ ಸಾಲದು. ವಾಣಿಜ್ಯ ಉದ್ದೇಶಕ್ಕಾಗಿ ಕೊಳ್ಳುವವರನ್ನು 2019ರ ಆ ಕಾಯಿದೆಯು ಸಾಮಾನ್ಯವಾಗಿ ಗ್ರಾಹಕರೆಂದೇ ಪರಿಗಣಿಸುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ಇರಬೇಕಾದ ವಿವರಗಳನ್ನು ಪಟ್ಟಿ ಮಾಡುವ ಸರಕು ಮತ್ತು ಸೇವಾ ತೆರಿಗೆಯ 46ನೇ ನಿಯಮಕ್ಕೇ ಕೈಹಾಕುವುದು ಲೇಸು. ಪರವಾನಗಿಯ ಅವಧಿ, ಬಳಸಬಹುದಾದ ಸಾಧನಗಳ ಸಂಖ್ಯೆ, ಸೇವೆ ನಿಂತರೆ ಹಣ ಮರಳುವುದೇ ಎಂಬ ಮೂರು ಸಂಗತಿಗಳು ಅಲ್ಲಿ ಕಡ್ಡಾಯವಾಗಲಿ. ವಾಣಿಜ್ಯ ಮಂಡಳಿಗಳು ಜಿಎಸ್‌ಟಿ ಮಂಡಳಿಗೆ ಸಲ್ಲಿಸುವ ಮುಂದಿನ ಮನವಿಪತ್ರದಲ್ಲಿ ಈ ಬೇಡಿಕೆ ಸೇರಬೇಕು.