ಖೈರಾತ್ ಬೇರೆ, ಹಕ್ಕು ಬೇರೆ

ಅಕೌಂಟೆನ್ಸಿ ತರಗತಿಯಲ್ಲಿ ಕಣ್ಣಿಗೆ ಕಾಣದ ಆಸ್ತಿಗೂ ಬೆಲೆ ಕಟ್ಟುವುದನ್ನು ಕಲಿಯುತ್ತೇವೆ. ಗುಡ್‌ವಿಲ್, ಪೇಟೆಂಟ್, ಕಾಪಿರೈಟ್ ಎಲ್ಲವೂ ಆಸ್ತಿಯೇ. ಹಾಗಾದರೆ ಬಡವನೊಬ್ಬ ಕಟ್ಟಿದ ಹಾಡು ಯಾರ ಆಸ್ತಿ? ಸೊಲೊಮನ್ ಲಿಂಡಾ ಅವರ ಬಗ್ಗೆ ಓದಿದಾಗ ನನಗೆ ಈ ಪ್ರಶ್ನೆ ಬಂತು.

ಲಿಂಡಾ ದಕ್ಷಿಣ ಆಫ್ರಿಕಾದ ಜುಲು ಗಾಯಕ. ಜೋಹಾನ್ಸ್‌ಬರ್ಗ್‌ನ ರೆಕಾರ್ಡ್ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರು. 1939ರಲ್ಲಿ ತಮ್ಮ ತಂಡದೊಂದಿಗೆ 'ಎಂಬೂಬೆ' ಎಂಬ ಹಾಡು ಹಾಡಿದರು. ಎಂಬೂಬೆ ಎಂದರೆ ಸಿಂಹ. ಅದರ ಹಕ್ಕಿಗೆ ಅವರಿಗೆ ಸಿಕ್ಕಿದ್ದು 10 ಶಿಲಿಂಗ್. 1961ರಲ್ಲಿ ಅದೇ ರಾಗ ಇಂಗ್ಲಿಷ್ ಮಾತುಗಳೊಂದಿಗೆ 'ದಿ ಲಯನ್ ಸ್ಲೀಪ್ಸ್ ಟುನೈಟ್' ಆಗಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಮರುವರ್ಷ ಲಿಂಡಾ ಬಡತನದಲ್ಲೇ ತೀರಿಕೊಂಡರು. 1994ರ 'ದಿ ಲಯನ್ ಕಿಂಗ್' ಸಿನಿಮಾದಲ್ಲಿ ಕೇಳಿಸುವುದೂ ಅದೇ. ಕುಟುಂಬದ ಪರವಾಗಿ ದಾವೆ ಹೂಡಿದ ಮೇಲೆ, 2006ರಲ್ಲಿ ರಾಜಿಯಾಗಿ ರಾಯಲ್ಟಿಯ ಪಾಲು ಸಿಕ್ಕಿತು.

ಇದೇ ಆಫ್ರಿಕಾದ ಇನ್ನೊಂದು ದೇಶ ಇಥಿಯೋಪಿಯಾದ ಕ್ಷಾಮಕ್ಕೆ ನೆರವಾಗಲು 1985ರ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾದಲ್ಲಿ 'ಲೈವ್ ಏಡ್' ಸಂಗೀತ ಕಾರ್ಯಕ್ರಮ ನಡೆಯಿತು. ಹೆಸರಾಂತ ಗಾಯಕರು ಹಾಡಿ ಹಣ ಕೂಡಿಸಿದರು. ಅದನ್ನು ನಾನು ಹೀಗಳೆಯುವುದಿಲ್ಲ. ಹಸಿದವನಿಗೆ ಅನ್ನ ಕೊಡಲೇಬೇಕು. ಆದರೆ ನೆರವು ಬರುವುದು ಕೊಡುವವರಿಗೆ ಮನಸ್ಸಿರುವ ತನಕ ಮಾತ್ರ. ರಾಯಲ್ಟಿ ಹಾಡು ಓಡಿದಷ್ಟೂ ಬರುತ್ತದೆ. ಅದರಿಂದ ಮಕ್ಕಳು ಓದಬಹುದು, ಇನ್ನೊಂದು ಹಾಡೂ ಹುಟ್ಟಬಹುದು.

"ಒಪ್ಪಿ ಮಾರಿದ ಮೇಲೆ ಮುಗಿಯಿತಲ್ಲ, ವ್ಯಾಪಾರ ವ್ಯಾಪಾರವೇ" ಎಂದು ಕೆಲವರು ಕೇಳಬಹುದು. ಒಬ್ಬರಿಗೆ ಮಾರುಕಟ್ಟೆಯೆಲ್ಲ ಗೊತ್ತು, ಇನ್ನೊಬ್ಬರಿಗೆ ಬೇರೆ ದಾರಿಯೇ ಇಲ್ಲ ಎಂದಾಗ ಆ ಒಪ್ಪಿಗೆಗೆ ಏನು ಬೆಲೆ? ನಮ್ಮ ದೇಶದಲ್ಲೂ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿ, ಸಿನಿಮಾ ಗೀತೆ ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿ ಹಕ್ಕನ್ನು ನಿರ್ಮಾಪಕರು ಬರೆಸಿಕೊಳ್ಳದಂತೆ ಮಾಡಬೇಕಾಯಿತು.

ನಮ್ಮ ಮನೆಯ ಉರ್ದುವಿನಲ್ಲಿ ಖೈರಾತ್ ಬೇರೆ, ಹಕ್ ಬೇರೆ. ಕನ್ನಡದ 'ಹಕ್ಕು' ಕೂಡ ಅದೇ ಅರಬಿ ಮೂಲದ್ದು. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿಯವರ (ಸ) ಬೋಧನೆ ನಮಗೆಲ್ಲ ಗೊತ್ತು. ಲಿಂಡಾ ಅವರ ಬೆವರು ಆರಿ ಎಷ್ಟು ವರ್ಷವಾಗಿತ್ತು!

ಗೆಳೆಯರೇ, ನಾಳೆ ಲೆಕ್ಕ, ಕರಾರು ಬರೆಯುವವರು ಕಾಮರ್ಸ್ ಓದುವ ನಾವೇ. ಕೊಡಬೇಕಾದ ಬಾಕಿಯನ್ನು ದಾನದ ಖಾತೆಗೆ ಬರೆದರೆ ಲೆಕ್ಕ ತಪ್ಪು. ದಾನ ಮಾಡೋಣ, ಆದರೆ ಬಾಕಿ ಉಳಿಸಿಕೊಂಡು ದಾನಿಗಳೆನಿಸಿಕೊಳ್ಳುವುದು ಬೇಡ.