ಡಿ.ಎನ್.ಎ.ಯಲ್ಲಿ ಹರಿಯದ ಕನ್ನಡ

ಕನ್ನಡವು ನಮ್ಮ ಡಿ.ಎನ್.ಎ.ಯಲ್ಲೇ ವಿದ್ಯುತ್ತಿನಂತೆ ಹರಿಯುತ್ತಿದೆ ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಈಚೆಗೆ ಚಪ್ಪಾಳೆ ಗಿಟ್ಟಿಸುತ್ತಿದೆ. ಇದನ್ನು ನಾವು ಒಪ್ಪಲಾರೆವು. ವಿಜ್ಞಾನವೂ ಒಪ್ಪದು, ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡಿಗರ ಅನುಭವವಂತೂ ಒಪ್ಪುವುದೇ ಇಲ್ಲ.

ಡಿ.ಎನ್.ಎ.ಯಲ್ಲಿ ವಿದ್ಯುತ್ತು ಹರಿಯುವುದು ಸುಳ್ಳಲ್ಲ. ಏಣಿಯ ಮೆಟ್ಟಿಲುಗಳಂತೆ 0.34 ನ್ಯಾನೊಮೀಟರ್ ಅಂತರದಲ್ಲಿ ಒಂದರ ಮೇಲೊಂದು ಕುಳಿತ ಪ್ರತ್ಯಾಮ್ಲ ಜೋಡಿಗಳ ಮೂಲಕ ಇಲೆಕ್ಟ್ರಾನು ಸಾಗಬಹುದೆಂದು ಎಲೀ ಮತ್ತು ಸ್ಪೈವಿ 1962ರಲ್ಲೇ ಊಹಿಸಿದ್ದರು. 1993ರಲ್ಲಿ ಅಮೆರಿಕದ ಜಾಕ್ವೆಲಿನ್ ಬಾರ್ಟನ್ ಮತ್ತು ಸಂಗಡಿಗರು ಅದು ತಂತಿಯಂತೆ ವರ್ತಿಸುತ್ತದೆಂದಾಗ ದೊಡ್ಡ ವಾಗ್ವಾದವೇ ಎದ್ದಿತು. ಒಂದು ಪ್ರಯೋಗಾಲಯದಲ್ಲಿ ಅದು ವಾಹಕ, ಮತ್ತೊಂದರಲ್ಲಿ ಅವಾಹಕ. 2000ದಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ 30 ಜೋಡಿಗಳ, ಸುಮಾರು 10 ನ್ಯಾನೊಮೀಟರ್ ಉದ್ದದ ಎಳೆಯನ್ನು ಅಳೆದವರಿಗೆ ಅರೆವಾಹಕ. ಜೋಡಿಗಳ ಅನುಕ್ರಮ, ಸುತ್ತಲಿನ ತೇವ, ಲೋಹದ ತುದಿಯೊಡನೆ ಎಳೆ ಕೂಡುವ ಬಗೆ, ಇವೆಲ್ಲ ಫಲವನ್ನು ಬದಲಿಸುತ್ತವೆ. ಗ್ವಾನಿನ್ ಸಾಲುಗಟ್ಟಿದ್ದರೆ ಹರಿವು ಸಲೀಸು. ಒಂದೇ ಜೋಡಿ ಹೊಂದದಿದ್ದರೂ ಕುಂಠಿತ. ಇಷ್ಟು ಕಿರುದಾರಿಯಲ್ಲಿ, ಇಷ್ಟು ಅಡೆತಡೆಗಳ ನಡುವೆ ಸಾಗುವುದು ವಿದ್ಯುದಾವೇಶವೇ ಹೊರತು ವ್ಯಾಕರಣವಲ್ಲ.

ಸೇಲಂನ ಕನ್ನಡ ದೇವಾಂಗ ನೇಕಾರರ ಮನೆಗಳಿಗೆ ಹೋಗಿ ನೋಡಿ. ಮಗ್ಗದ ಬಳಿ ಕುಳಿತ ಅಜ್ಜಿ ಕನ್ನಡದಲ್ಲಿ ಕರೆಯುತ್ತಾರೆ, ಮೊಮ್ಮಗ ಕನ್ನಡದಲ್ಲೇ ಓಗೊಡುತ್ತಾನೆ. ಈ ಸಂಚಿಕೆಯನ್ನು ಕೈಗಿತ್ತರೆ ಇಬ್ಬರಿಗೂ ಓದಲು ಬಾರದು. ಅವರ ಡಿ.ಎನ್.ಎ.ಗೆ ಏನೂ ಆಗಿಲ್ಲ. ಅಕ್ಷರ ಕಲಿಸಿದವರಿಲ್ಲ, ಅಷ್ಟೇ. ಧರ್ಮಪುರಿಯಲ್ಲಿ ನೊಳಂಬ ಅರಸರು ಕಲ್ಲಿನಲ್ಲಿ ಕೊರೆಸಿದ್ದು ಕನ್ನಡವೆಂದು ನಾವು ಬೀಗುತ್ತೇವೆ. ಆ ಸೀಮೆಯ ಕನ್ನಡ ಮನೆಯ ಮಗುವಿಗೆ ಕಲ್ಲಿನ ಕನ್ನಡವಿರಲಿ, ಕಾಗದದ ಕನ್ನಡವೂ ದೂರ.

2006ರ ಕಾಯ್ದೆಯು ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ಕಡ್ಡಾಯ ಮಾಡಿತು. ಇರುವ ನೆಲದ ನುಡಿಯನ್ನು ಕಲಿಯುವುದು ಸರಿಯೇ. ತಮಿಳಿನೊಡನೆ ನಮಗೆ ಜಗಳವಿಲ್ಲ. (ಆ ನುಡಿಯ ಅನ್ನವನ್ನೇ ನಾವು ಉಣ್ಣುತ್ತಿದ್ದೇವೆ.) ಆದರೆ ಅದರ ಜೊತೆಗೆ ಕನ್ನಡವನ್ನೂ ಕಲಿಸಿಕೊಡಿ ಎಂದು ಕೇಳುವ ಹಕ್ಕು ಅಲ್ಪಸಂಖ್ಯಾತ ನುಡಿಗರಿಗೆ ಸಂವಿಧಾನವೇ ಕೊಟ್ಟದ್ದು. ಕೇಳಿದವರು ಎಷ್ಟು ಮಂದಿ? ರಕ್ತದಲ್ಲೇ ನುಡಿ ಇದೆಯೆಂದು ನಂಬಿದವರು ಶಾಲೆಯನ್ನೇಕೆ ಕೇಳಿಯಾರು! ಆ ಹುಸಿ ಉಪಮೆಯ ಕೇಡು ಇಲ್ಲಿದೆ: ಅದು ಹೆತ್ತವರ ಹೊಣೆಯನ್ನೂ ಸಂಘಗಳ ಹೊಣೆಯನ್ನೂ ಕಣಗಳ ಮೇಲೆ ಹೊರಿಸಿ ಹಾಯಾಗಿ ಮಲಗಿಸುತ್ತದೆ.

ಶಾಲು, ಹಾರ, ಫಲಕಗಳಿಗೆ ನಾವು ಪ್ರತಿವರ್ಷ ಸುರಿಯುವ ಹಣದಲ್ಲಿ ಅರ್ಧವನ್ನು ಈ ಎರಡು ಜಿಲ್ಲೆಗಳ ಭಾನುವಾರದ ಅಕ್ಷರಪಾಠಕ್ಕೆ ತೆಗೆದಿಡಬೇಕೆಂಬುದು ನಮ್ಮ ಬೇಡಿಕೆ. ಮುಂದಿನ ಸಮ್ಮೇಳನದಲ್ಲಿ ಸ್ವಾಗತ ಭಾಷಣವನ್ನು ಸೇಲಂನ ನೇಕಾರರ ಮಗುವೊಂದು ಬರೆದು ತಂದು ಓದಲಿ.