ಡಬ್ಬ ಗುಜರಿಗಲ್ಲ, ಅದರೊಳಗೆ ಕನ್ನಡವಿದೆ!



ನಿಮ್ಮ ಊರಿನ ಪ್ರೆಸ್ಸಿನಲ್ಲೋ, ಶಾಲೆಯಲ್ಲೋ, ಸಂಘದ ಕಚೇರಿಯಲ್ಲೋ ಮೂಲೆಯಲ್ಲೊಂದು ಕರಿ ಡಬ್ಬ ಧೂಳು ತಿನ್ನುತ್ತಿರಬಹುದು. ಎಲ್ಲಾ ಕಂಪ್ಯೂಟರಿನ ಫೈಲೂ ಒಂದೇ ಕಡೆ ಇರಲೆಂದು ಹತ್ತು ಹದಿನೈದು ವರ್ಷದ ಹಿಂದೆ ತಂದ ನೆಟ್‌ವರ್ಕ್ ಸ್ಟೋರೇಜ್ ಅದು. ಇಂದು ತೆರೆಯಲು ಹೋದರೆ ಬ್ರೌಸರ್ ಅಡ್ಡ ನಿಲ್ಲುತ್ತದೆ. ‘ಸುರಕ್ಷಿತವಲ್ಲ’ ಎನ್ನುತ್ತದೆ. ರಿಪೇರಿಯವರನ್ನು ಕೇಳಿದರೆ ಒಂದೇ ಮಾತು: ‘ಹಳೇದು ಸಾರ್, ಬಿಸಾಕಿ, ಹೊಸದು ತಗೊಳ್ಳಿ.’

ಬಿಸಾಕುವುದು ಏನನ್ನು? 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಪ್ರೆಸ್ಸುಗಳು ಕಂಪೋಸ್ ಮಾಡಿದ ಕರಪತ್ರ, ಸ್ಮರಣ ಸಂಚಿಕೆ, ಶಾಲಾ ವಾರ್ಷಿಕ ಸಂಚಿಕೆ ಎಲ್ಲಿವೆ? ಕಾಗದದ ಪ್ರತಿ ಕೊಡಗಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಎಷ್ಟು ದಿನ ಉಳಿದೀತು? 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮನೆಗಳೇ ಹೋದವು, ಕಾಗದಪತ್ರದ ಮಾತೆಲ್ಲಿ! ಉಳಿದಿದ್ದರೆ ಇಂಥ ಡಬ್ಬದಲ್ಲೇ ಉಳಿದಿರಬೇಕು.

ಬ್ರೌಸರ್ ಸುಳ್ಳು ಹೇಳುತ್ತಿಲ್ಲ, ಅದನ್ನೂ ಒಪ್ಪೋಣ. ಹಳೆ ಡಬ್ಬ ಗುಟ್ಟಾಗಿ ಮಾತಾಡುವುದು 1999ರ ಟಿಎಲ್‌ಎಸ್ 1.0 ಎಂಬ ಪದ್ಧತಿಯಲ್ಲಿ. ಅದರ ಬಿರುಕುಗಳು ಬಯಲಾದವು. 2020ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ಕೈಬಿಟ್ಟವು. ಬ್ಯಾಂಕಿನ ವ್ಯವಹಾರಕ್ಕೆ ಅದು ಸರಿಯೇ. ಆದರೆ ನನ್ನ ಮೇಜಿನ ಮೇಲಿರುವ ನನ್ನ ಡಬ್ಬಕ್ಕೂ ಅದೇ ಕಾನೂನೇ? ಮುಂಬಾಗಿಲು ಮುಚ್ಚಿದವರು ಮನೆಯೊಡೆಯನಿಗೆ ಹಿತ್ತಿಲ ಬಾಗಿಲನ್ನಾದರೂ ಬಿಡಬೇಡವೇ?

ಅವರು ಬಿಡದಿದ್ದರೆ ನಾವೇ ಹುಡುಕೋಣ. ಮೊದಲು ಇಂಟರ್ನೆಟ್ ಕಡಿಯಿರಿ. ರೂಟರಿನಲ್ಲಿ ಆ ಡಬ್ಬ ಮತ್ತು ಒಂದು ಕಂಪ್ಯೂಟರ್ ಮಾತ್ರ ಇರಲಿ. ಕಂಪ್ಯೂಟರಿನ ತಾರೀಖು ಸರಿಯಿದೆಯೇ ನೋಡಿ. ಎಚ್ಚರಿಕೆಯ ಪುಟದಲ್ಲಿ ‘ಅಡ್ವಾನ್ಸ್ಡ್’ ಒತ್ತಿದಾಗ ಮುಂದೆ ಹೋಗುವ ದಾರಿ ಕಂಡರೆ ಅದು ಬರೀ ಪ್ರಮಾಣಪತ್ರದ ತಕರಾರು. ಅದರ ಅವಧಿ ಮುಗಿದಿದೆ, ಇಲ್ಲವೇ ಡಬ್ಬ ತನಗೆ ತಾನೇ ಸಹಿ ಹಾಕಿಕೊಂಡಿದೆ. ನಿಮ್ಮದೇ ಡಬ್ಬ, ದಾಟಿ ಹೋಗಿ. ದಾರಿಯೇ ಕಾಣದಿದ್ದರೆ ಪದ್ಧತಿಯದೇ ತಕರಾರು. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಬದಲು ಎಚ್‌ಟಿಟಿಪಿ ಹೊಡೆದು ನೋಡಿ, ಕೆಲವು ಡಬ್ಬಗಳು ಓಗೊಡುತ್ತವೆ. ಅದಕ್ಕೂ ಬಗ್ಗದಿದ್ದರೆ ಫೈರ್‌ಫಾಕ್ಸ್‌ನ ‘ಅಬೌಟ್ ಕಾನ್ಫಿಗ್’ ಪುಟದಲ್ಲಿ ‘ಸೆಕ್ಯೂರಿಟಿ ಟಿಎಲ್‌ಎಸ್ ವರ್ಷನ್ ಮಿನ್’ ಎಂಬಲ್ಲಿ 3 ಇರುವುದನ್ನು 1 ಮಾಡಿ. ಕೆಲಸ ಮುಗಿದ ಕೂಡಲೇ ಮತ್ತೆ 3 ಮಾಡಿಯೇ ಇಂಟರ್ನೆಟ್ ಜೋಡಿಸಿ. ಇದರಲ್ಲಿ ಸೋಮಾರಿತನ ಬೇಡ!

ಒಂದು ಮಾತು ನೆನಪಿರಲಿ. ಡಿಸ್ಕನ್ನೇ ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಖಂಡಿತ ಒತ್ತಬೇಡಿ! ಈ ಡಬ್ಬಗಳ ಡಿಸ್ಕು ಸಾಮಾನ್ಯವಾಗಿ ಲಿನಕ್ಸ್ ಬಗೆಯದು, ವಿಂಡೋಸ್‌ಗೆ ಓದಲು ಬರುವುದಿಲ್ಲ, ಅಷ್ಟೇ. ಲಿನಕ್ಸ್ ಬಲ್ಲವರಿಂದ ತೆರೆಸಿ.

ಫೈಲು ಕೈಗೆ ಬಂತೆಂದು ಕುಣಿಯಬೇಡಿ. ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ನಡುವೆ ಪೌಂಡಿನ ಗುರುತು! ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಪೇಜ್‌ಮೇಕರ್ ನೆಚ್ಚಿಕೊಂಡ ನಮ್ಮಂಥ ಪ್ರೆಸ್ಸಿನವರು ಬಹಳ ಕಾಲ ಹಳೆ ಅಕ್ಷರ ವಿನ್ಯಾಸದಲ್ಲೇ ಕೂತೆವು. ಆ ತಂತ್ರಾಂಶಕ್ಕೆ ಬೇರೆ ದಾರಿ ಇರಲಿಲ್ಲ. ನುಡಿ, ಬರಹದಲ್ಲಿ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸುವ ಸಾಧನ ಆ ತಂತ್ರಾಂಶಗಳಲ್ಲೇ ಇದೆ. ಶ್ರೀಲಿಪಿಯ ಸಂಕೇತವೇ ಬೇರೆ, ಅದನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಕಲಸುಮೇಲೋಗರ. ತಿರುಗಿಸಿದ ಮೇಲೆ ಪ್ರೂಫ್ ನೋಡಿ, ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುವುದುಂಟು. ಮೂಲ ಫೈಲನ್ನು ಅಳಿಸಬೇಡಿ.

ಏಪ್ರಿಲ್ ಒಳಗೆ ಮುಗಿಸಿ. ಜೂನ್ ಬಂದರೆ ಇಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಹಳೆ ಡಿಸ್ಕಿನ ಪ್ರಾಣವನ್ನೇ ತೆಗೆಯುತ್ತದೆ.